ಗುಳಿಗೆ ಬಿಡಬೇಡಿ, ಹೆಂಡತಿಗೆ ಲಸಿಕೆ ಹಾಕಿಸಿ

"ಗುಳಿಗಿ ನುಂಗೂದು ಮುಗೀಲಿ ತಮ್ಮಾ, ಆಮ್ಯಾಲೆ ಮಕ್ಕಳ ಮಾತು." ಹೆಪಟೈಟಿಸ್ ಬಿ ಇರುವ ಗಂಡಸಿಗೆ ಮನೆಯ ಹಿರಿಯರು, ಗೆಳೆಯರು, ಕೆಲವೊಮ್ಮೆ ಔಷಧಿ ಅಂಗಡಿಯವರು ಕೊಡುವ ಬುದ್ಧಿಮಾತು ಇದು. ಕೇಳುವುದಕ್ಕೆ ಕಾಳಜಿಯ ಮಾತೇ. ಆದರೆ ಈ ಗುಳಿಗೆ ಮುಗಿಯುವಂಥದಲ್ಲ. ಟೆನೊಫೊವಿರ್ ಆಗಲಿ ಎಂಟೆಕಾವಿರ್ ಆಗಲಿ ವೈರಸ್ಸನ್ನು ಹತ್ತಿಕ್ಕಿ ಇಡುತ್ತವೆ, ಬೇರುಸಮೇತ ಕೀಳುವುದಿಲ್ಲ. ದಿನಕ್ಕೊಂದರಂತೆ ವರ್ಷಗಟ್ಟಲೆ, ಹಲವರು ಜೀವಮಾನವಿಡೀ ನುಂಗಬೇಕು. ಎಚ್‌ಬಿಎಸ್‌ಎಜಿ ಎಂಬ ಗುರುತು ರಕ್ತದಿಂದ ಪೂರ್ತಿ ಅಳಿಸಿಹೋಗುವುದು ವರ್ಷಕ್ಕೆ ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಹಾಗಿರುವಾಗ "ಮುಗಿದ ಮೇಲೆ ಮಕ್ಕಳು" ಅಂದರೆ ಮಕ್ಕಳೇ ಬೇಡ ಅಂದಂತಾಯಿತು.

ನಾನು ಇದನ್ನು ಬರೆಯುತ್ತಿರುವುದು ನಾಸಿಕದ ಸಾತ್ಪುರ, ಅಂಬಡ, ಛತ್ರಪತಿ ಸಂಭಾಜಿನಗರದ ವಾಳೂಜ್, ಚಿಕಲಠಾಣಾ ಇಂಥ ಕೈಗಾರಿಕಾ ವಸಾಹತುಗಳಿಗೆ ದುಡಿಯಲು ಹೋದ ನಮ್ಮ ಬೀದರ್, ಕಲಬುರಗಿ, ವಿಜಯಪುರ ಕಡೆಯ ಗಂಡಸರನ್ನು ನೆನೆದು. ರಕ್ತದಾನ ಮಾಡಲು ಹೋದಾಗಲೋ ಗಲ್ಫ್ ಕೆಲಸದ ವೈದ್ಯಕೀಯ ತಪಾಸಣೆಯಲ್ಲೋ ಇಂಥವರಿಗೆ ರೋಗ ಇದ್ದದ್ದು ಗೊತ್ತಾಗುತ್ತದೆ. ವೈದ್ಯರು ಮರಾಠಿಯಲ್ಲಿ ಐದು ನಿಮಿಷ ಹೇಳುತ್ತಾರೆ; ಮಿಕ್ಕ ವಿವರಣೆಯೆಲ್ಲ ಊರಿನಿಂದ ಕನ್ನಡದಲ್ಲಿ, ಫೋನಿನಲ್ಲಿ ಬರುತ್ತದೆ. ಮಹಾರಾಷ್ಟ್ರದ ವೈದ್ಯಕೀಯ, ದಂತವೈದ್ಯ, ಆಯುರ್ವೇದ ಕಾಲೇಜುಗಳನ್ನೆಲ್ಲ ನೋಡಿಕೊಳ್ಳುವ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1998ರಿಂದ ನಾಸಿಕದಲ್ಲೇ ಇದೆ. ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಸುತ್ತಲಿನ ಹಳ್ಳಿಯವರು 'ಘಾಟಿ' ಎಂದು ಕರೆದು ದಶಕಗಳಿಂದ ನಂಬಿಕೊಂಡಿದ್ದಾರೆ. ತಿಳಿವಳಿಕೆ ಇಷ್ಟು ಹತ್ತಿರ ಇದ್ದರೂ ನಮ್ಮವರ ಕಿವಿಗೆ ಬೀಳುವುದು ತಪ್ಪು ಮಾತೇ. ಅವುಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

ಎಲ್ಲಕ್ಕಿಂತ ಅಪಾಯದ ಮಾತನ್ನು ಮೊದಲು ಎತ್ತಿಕೊಳ್ಳೋಣ. "ಮಗು ಬೇಕಿದ್ದರೆ ಆರು ತಿಂಗಳು ಗುಳಿಗೆ ಬಿಡು, ಇಲ್ಲದಿದ್ದರೆ ಅಂಗವಿಕಲ ಮಗು ಹುಟ್ಟುತ್ತದೆ" ಎನ್ನುವವರಿದ್ದಾರೆ.

ಈ ಆರು ತಿಂಗಳ ಲೆಕ್ಕ ಗಾಳಿಯಿಂದ ಬಂದದ್ದಲ್ಲ, ಅದಕ್ಕೊಂದು ಮೂಲವಿದೆ. ಹೆಪಟೈಟಿಸ್ ಸಿ ರೋಗಕ್ಕೆ ರಿಬಾವಿರಿನ್ ಎಂಬ ಔಷಧ ಕೊಡುತ್ತಿದ್ದರು, ಈಗಲೂ ಕೆಲವರಿಗೆ ಕೊಡುತ್ತಾರೆ. ಅದು ಭ್ರೂಣಕ್ಕೆ ನಿಜವಾಗಿಯೂ ಕೆಡುಕು ಮಾಡುವಂಥದು. ಅದನ್ನು ತೆಗೆದುಕೊಂಡ ಗಂಡಸಿನ ಹೆಂಡತಿ ಆ ಚಿಕಿತ್ಸೆ ಮುಗಿದು ಆರು ತಿಂಗಳಾಗುವ ತನಕ ಬಸುರಾಗಬಾರದು ಎಂಬ ಕಟ್ಟುನಿಟ್ಟಿನ ಎಚ್ಚರಿಕೆ ಇದೆ. ಸಿ ರೋಗದ ಆ ನಿಯಮವನ್ನು ಜನ ಬಿ ರೋಗಕ್ಕೂ ಹಚ್ಚಿಬಿಟ್ಟರು. ಎರಡಕ್ಕೂ ಹೆಪಟೈಟಿಸ್ ಎಂದೇ ಹೆಸರು, ಎರಡೂ ಪಿತ್ತಜನಕಾಂಗದ ರೋಗ. ಆದರೆ ವೈರಸ್ ಬೇರೆ, ಔಷಧ ಬೇರೆ. ಹೆಪಟೈಟಿಸ್ ಬಿ ಚಿಕಿತ್ಸೆಯಲ್ಲಿ ರಿಬಾವಿರಿನ್‌ಗೆ ಜಾಗವೇ ಇಲ್ಲ.

ಎಂಟೆಕಾವಿರ್ ಬಗೆಗಿನ ಹೆದರಿಕೆಗೂ ಹೀಗೇ ಒಂದು ಮೂಲ ಇದೆ. ಇಲಿಗಳಿಗೂ ನಾಯಿಗಳಿಗೂ ಭಾರೀ ಪ್ರಮಾಣದಲ್ಲಿ ಅದನ್ನು ಕೊಟ್ಟಾಗ ವೀರ್ಯಾಣು ಹುಟ್ಟುವ ನಾಳಗಳು ಹಾಳಾದವು ಎಂದು ಔಷಧದ ಮಾಹಿತಿಪತ್ರದಲ್ಲೇ ಬರೆದಿದೆ. ಅದೇ ವಾಕ್ಯದಲ್ಲಿ ಪ್ರಮಾಣವೂ ಇದೆ: ಮನುಷ್ಯನ ಮೈಯಲ್ಲಿ ಸೇರುವುದರ 35 ಪಟ್ಟು ಮತ್ತು ಅದಕ್ಕೂ ಹೆಚ್ಚು. ಮುಂದಿನ ವಾಕ್ಯ ಮಂಗಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ ಎನ್ನುತ್ತದೆ. ನಮ್ಮ ರೋಗಿ ನುಂಗುವುದು ದಿನಕ್ಕೆ ಅರ್ಧ ಮಿಲಿಗ್ರಾಂ. ಅರ್ಧ ಓದಿ ಹೆದರಿಸುವವರು ಉಳಿದರ್ಧವನ್ನೂ ಓದಬೇಕು. ಇಷ್ಟಾದರೂ ದಂಪತಿಗೆ ಮನಸ್ಸು ತಡೆಯದಿದ್ದರೆ ವೈದ್ಯರನ್ನು ಕೇಳಿ ಎಂಟೆಕಾವಿರ್‌ನಿಂದ ಟೆನೊಫೊವಿರ್‌ಗೆ ಬದಲಾಯಿಸಿಕೊಳ್ಳಬಹುದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಬೇರೆ, ಎರಡನ್ನೂ ಬಿಟ್ಟು ಕೂರುವುದು ಬೇರೆ.

ಟೆನೊಫೊವಿರ್ ವಿಷಯದಲ್ಲಂತೂ ನಮ್ಮ ಕೈಯಲ್ಲಿ ಗಟ್ಟಿ ಆಧಾರವಿದೆ. ರಕ್ತದಲ್ಲಿ ವೈರಸ್ ಬಹಳ ಇರುವ ಬಸುರಿಯರಿಗೆ 28ನೇ ವಾರದಿಂದ ಹೆರಿಗೆಯ ತನಕ ಇದೇ ಔಷಧವನ್ನು ಕೊಡಿ, ಮಗುವಿಗೆ ಸೋಂಕು ತಗಲುವುದು ತಪ್ಪುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. "ಏಳನೇ ತಿಂಗಳಲ್ಲಿ ಸರಿ, ಅಂಗಾಂಗ ಮೂಡುವ ಮೊದಲ ಮೂರು ತಿಂಗಳಲ್ಲಿ?" ಎಂದು ಮರುಪ್ರಶ್ನೆ ಬರಬಹುದು, ಬರಬೇಕಾದ್ದೇ. ಅದಕ್ಕೆ ಉತ್ತರ ಎಚ್‌ಐವಿ ಚಿಕಿತ್ಸೆಯಲ್ಲಿದೆ. ನಮ್ಮ ದೇಶದಲ್ಲಿ ಎಚ್‌ಐವಿ ಇರುವ ಹೆಂಗಸರು ಬಸುರಾಗುವ ಮೊದಲಿನಿಂದ ಹೆರಿಗೆ ದಾಟುವ ತನಕ ಟೆನೊಫೊವಿರ್ ಬೆರೆತ ಮಾತ್ರೆಯನ್ನು ನಿಲ್ಲಿಸದೆ ನುಂಗುತ್ತಾರೆ. ಇಂಥ ಬಸಿರುಗಳ ದಾಖಲೆ ಇಡುವ ಅಂತರರಾಷ್ಟ್ರೀಯ ನೋಂದಣಿ 1989ರಿಂದ ನಡೆಯುತ್ತಿದೆ. ಮೊದಲ ಮೂರು ತಿಂಗಳಲ್ಲಿ ಟೆನೊಫೊವಿರ್ ಸೇವಿಸಿದ ಸಾವಿರಾರು ತಾಯಂದಿರ ಲೆಕ್ಕದಲ್ಲಿ ಹುಟ್ಟುದೋಷ ಉಳಿದವರಿಗಿಂತ ಹೆಚ್ಚಾಗಿಲ್ಲ. ಮಗುವನ್ನು ಹೊತ್ತ ತಾಯಿಯೇ ನುಂಗಬಹುದಾದ ಔಷಧವನ್ನು ತಂದೆ ನುಂಗಬಾರದು ಎಂಬ ವಾದಕ್ಕೆ ಕಾಲೆಲ್ಲಿದೆ?

ಗುಳಿಗೆ ಬಿಟ್ಟರೆ ಆಗುವುದೇನು ಎಂಬುದನ್ನೂ ಹೇಳಿಬಿಡುತ್ತೇನೆ. ಹತ್ತಿಕ್ಕಿದ್ದ ವೈರಸ್ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಮತ್ತೆ ಏಳುತ್ತದೆ. ಪಿತ್ತಜನಕಾಂಗ ಒಮ್ಮೆಲೆ ಉರಿದು ಊದಿಕೊಳ್ಳಬಹುದು, ಕಾಮಾಲೆ ಏರಬಹುದು. ಮೊದಲೇ ಸಿರೋಸಿಸ್ ಆಗಿದ್ದವರ ಜೀವಕ್ಕೇ ಕುತ್ತು ಬರಬಹುದು. ಈ ಔಷಧಗಳ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸಿದ ಎಚ್ಚರಿಕೆಯೇ ಇದು. ಜೊತೆಗೆ, ಮಗುವಿಗಾಗಿ ಗುಳಿಗೆ ಬಿಟ್ಟ ಗಂಡಸಿನ ರಕ್ತ, ವೀರ್ಯಗಳಲ್ಲಿ ವೈರಸ್ ಹೆಚ್ಚುವುದು ಅವನು ಹೆಂಡತಿಯನ್ನು ಕೂಡುವ ಅದೇ ತಿಂಗಳುಗಳಲ್ಲಿ. ಮಗುವಿನ ಒಳಿತಿಗೆಂದು ಹೇಳಿದ ಬುದ್ಧಿಮಾತು ಮಗುವಿನ ತಾಯಿಯನ್ನೇ ಅಪಾಯಕ್ಕೆ ನೂಕಿದಂತಾಗುತ್ತದೆ.

ಇಲ್ಲಿ ಒಬ್ಬ ಎದುರಾಳಿಯನ್ನು ಉಳಿದವರಿಂದ ಬೇರೆ ಇಟ್ಟು ಗೌರವದಿಂದ ಮಾತಾಡಿಸಬೇಕು. "ತಂದೆ ಔಷಧ ಸೇವಿಸಿದರೆ ಮಗುವಿಗೇನಾಗುತ್ತದೆ ಎಂಬ ಬಗ್ಗೆ ತಾಯಂದಿರ ಮೇಲೆ ನಡೆದಷ್ಟು ಅಧ್ಯಯನ ನಡೆದಿಲ್ಲ, ಹಾಗಾಗಿ ಕಾಯುವುದು ಒಳ್ಳೆಯದು" ಎನ್ನುವ ವೈದ್ಯರು ಅವರು. ಅವರ ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ನಾನು ಒಪ್ಪಲಾರೆ. ಕಾಯುವುದರಿಂದಲೂ ಹಾನಿ ಇದೆ, ಅದನ್ನು ತಕ್ಕಡಿಗೆ ಹಾಕದೆ ತೂಗಿದರೆ ತೂಕ ತಪ್ಪುತ್ತದೆ. ಟೆನೊಫೊವಿರ್ 2001ರಿಂದ ಎಚ್‌ಐವಿಗೂ 2008ರಿಂದ ಹೆಪಟೈಟಿಸ್ ಬಿಗೂ ಬಳಕೆಯಲ್ಲಿದೆ. ಇದನ್ನು ನುಂಗುತ್ತಲೇ ತಂದೆಯಾದ ಗಂಡಸರು ಲೋಕದಲ್ಲಿ ಅಸಂಖ್ಯ. ಅವರ ವೀರ್ಯಾಣುವಿಗೆ ಅಥವಾ ಮಕ್ಕಳಿಗೆ ಕೇಡಾಯಿತು ಎಂಬ ಸಾಕ್ಷ್ಯ ಬಂದಿಲ್ಲ. ವೈದ್ಯರಿಗೆ ಅನುಮಾನವಿದ್ದರೆ ಅದನ್ನು ದಂಪತಿಯ ಮುಂದೆ ಬಿಚ್ಚಿ ಹೇಳಲಿ, ತೀರ್ಮಾನ ಅವರಿಗೆ ಬಿಡಲಿ. ಹೇಳದೆ "ಸದ್ಯಕ್ಕೆ ಬೇಡ" ಎಂದು ಚೀಟಿ ಬರೆದು ಕಳಿಸಿದರೆ ಆ ಗಂಡಸು ಊರಿಗೆ ಹೋಗಿ ಗುಳಿಗೆಯನ್ನೇ ನಿಲ್ಲಿಸುತ್ತಾನೆ.

ಎದುರಾಳಿಗಳ ಪರವಾಗಿ ಒಂದು ಮಾತು ಒಪ್ಪಲೇಬೇಕು, ಅದು ಇಂಟರ್‌ಫೆರಾನ್ ಚುಚ್ಚುಮದ್ದಿನದು. ವಾರಕ್ಕೊಂದರಂತೆ ಸುಮಾರು 48 ವಾರ ಕೊಡುವ ಈ ಚಿಕಿತ್ಸೆಗೆ ಕೊನೆ ಇದೆ. ಅದನ್ನು ತೆಗೆದುಕೊಳ್ಳುವ ಗಂಡಸು ಚಿಕಿತ್ಸೆ ಮುಗಿದು ಆರು ತಿಂಗಳು ಕಳೆಯುವ ತನಕ ಮಗುವನ್ನು ಮುಂದೂಡಲಿ ಎಂಬ ಎಚ್ಚರಿಕೆಯ ಸಲಹೆ ಚೀನಾದ ತಜ್ಞರ ಮಾರ್ಗಸೂಚಿಯಲ್ಲಿದೆ. ಅದೇ ಮಾರ್ಗಸೂಚಿ ನುಂಗುವ ಗುಳಿಗೆಗಳ ವಿಷಯದಲ್ಲಿ ಅಂಥ ತಡೆ ಹಾಕಿಲ್ಲ. ಆದ್ದರಿಂದ ನಿಮಗೆ ಕೊಡುತ್ತಿರುವುದು ಯಾವ ಔಷಧ ಎಂದು ಚೀಟಿ ನೋಡಿ ತಿಳಿದುಕೊಳ್ಳಿ. ನಮ್ಮಲ್ಲಿ ಬಹುಪಾಲು ಜನಕ್ಕೆ ಕೊಡುವುದು ಗುಳಿಗೆಯೇ.

"ಗಂಡ ಗುಳಿಗೆ ನುಂಗುವಾಗಲೇ ಬಸಿರು ನಿಂತಿದೆ, ತೆಗೆಸಿಬಿಡಿ" ಎಂಬ ಮಾತಿಗೆ ಒಂದೇ ಉತ್ತರ: ಬೇಡ. ಅದಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ. ಆ ಹೊತ್ತಿಗೆ ಮಾಡಬೇಕಾದ್ದು ಬಸುರಿಗೆ ಎಚ್‌ಬಿಎಸ್‌ಎಜಿ ಪರೀಕ್ಷೆ. ಸೋಂಕು ಇಲ್ಲ, ರಕ್ಷಣೆಯೂ ಇಲ್ಲ ಎಂದು ಗೊತ್ತಾದರೆ ಬಸುರಿನಲ್ಲೇ ಲಸಿಕೆ ಶುರು ಮಾಡಬಹುದು, ಅದು ಸುರಕ್ಷಿತ.

ಈಗ ಮನೆಯೊಳಗಿನ ಗುಟ್ಟಿನ ಮಾತಿಗೆ ಬರುತ್ತೇನೆ. "ಹೆಂಡತಿಗೆ ಯಾಕೆ ಹೇಳಬೇಕು? ಹೇಳಿದರೆ ಸಂಸಾರ ಮುರಿಯುತ್ತದೆ, ನಿನ್ನ ನಡತೆಯನ್ನೇ ಅನುಮಾನಿಸುತ್ತಾರೆ." ಹೀಗೆ ಹೇಳುವವರ ಭಯ ಸುಳ್ಳಲ್ಲ. ನಿಶ್ಚಯ ಮುರಿದದ್ದೂ ಉಂಟು, ಹೆಣ್ಣನ್ನು ತವರಿಗೆ ಕರೆದೊಯ್ದದ್ದೂ ಉಂಟು. ಎಚ್‌ಐವಿ ಇರುವವರಿಗೆ ತಾರತಮ್ಯದ ವಿರುದ್ಧ 2017ರ ಕಾಯಿದೆಯ ರಕ್ಷಣೆ ಇದೆ, ಆ ಕಾಯಿದೆ ಹೆಪಟೈಟಿಸ್ ಬಿ ಇರುವವರನ್ನು ಒಳಗೊಂಡಿಲ್ಲ. ಇಷ್ಟು ಗೊತ್ತಿದ್ದೂ ನಾನು ಹೇಳುವುದು, ಹೆಂಡತಿಗೆ ಹೇಳಲೇಬೇಕು ಎಂದು.

ನಡತೆಯ ಅನುಮಾನಕ್ಕೆ ಮೊದಲು ಉತ್ತರ. ಇಂದು ಮೂವತ್ತರ ಆಸುಪಾಸಿನಲ್ಲಿರುವ ಗಂಡಸು ಹುಟ್ಟಿದ್ದು 1990ರ ದಶಕದಲ್ಲಿ. ಹೆಪಟೈಟಿಸ್ ಬಿ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಪ್ರಾಯೋಗಿಕವಾಗಿ ಕಾಲಿಟ್ಟದ್ದು 2002ರಲ್ಲಿ, ದೇಶಕ್ಕೆಲ್ಲ ಹರಡಿದ್ದು 2011ರ ಹೊತ್ತಿಗೆ. ಆ ಹುಡುಗನಿಗೆ ಹುಟ್ಟಿದಾಗ ಸರ್ಕಾರದ ಲಸಿಕೆಯೇ ಇರಲಿಲ್ಲ. ದೀರ್ಘಕಾಲ ಉಳಿಯುವ ಸೋಂಕು ಬಹುಮಟ್ಟಿಗೆ ಹೆರಿಗೆಯಲ್ಲಿ ತಾಯಿಯಿಂದ ಅಥವಾ ಎಳವೆಯಲ್ಲಿ ಮನೆಯವರಿಂದ, ಕುದಿಸದ ಸೂಜಿಯಿಂದ ಬಂದಿರುತ್ತದೆ. ದೊಡ್ಡವರಾದ ಮೇಲೆ ತಗಲಿದ್ದರೆ ನೂರಕ್ಕೆ ತೊಂಬತ್ತೈದು ಜನರಲ್ಲಿ ಅದು ತಾನಾಗಿ ವಾಸಿಯಾಗುತ್ತದೆ. ಅಂದಮೇಲೆ ಗಂಡಸಿನಲ್ಲಿ ವರ್ಷಗಟ್ಟಲೆ ನಿಂತ ಸೋಂಕು ಅವನ ನಡತೆಗಿಂತ ಅವನ ಬಾಲ್ಯದ ಕಥೆಯನ್ನೇ ಹೇಳುವ ಸಾಧ್ಯತೆ ಹೆಚ್ಚು. 2022ರ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಈ ಸೋಂಕು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಷ್ಟು ಕೋಟಿ ಜನರ ನಡತೆಗೆ ಮಸಿ ಬಳಿಯುವವರು ಒಮ್ಮೆ ತಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿಕೊಳ್ಳಲಿ.

ಹೇಳಲೇಬೇಕು ಎನ್ನುವುದಕ್ಕೆ ಕಾರಣ ಇಷ್ಟು. ಹೆಂಡತಿಗೆ ಸೋಂಕು ತಗಲಿ, ಅದು ಬಸುರಿನಲ್ಲಿ ಅವಳ ಮೈಯಲ್ಲಿ ಉಳಿದರೆ, ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟಬಹುದು. ದೊಡ್ಡವರ ಮೈ ಓಡಿಸುವ ಈ ವೈರಸ್ ಎಳೆಗೂಸಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಜೀವನಪೂರ್ತಿ ನಿಂತುಬಿಡುತ್ತದೆ. ಇದನ್ನು ತಡೆಯುವ ಲಸಿಕೆ ಇದೆ, ದುಬಾರಿಯೂ ಅಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀ ಲಸಿಕೆ ತಂದ ಮೇಲೆ ಅದರ ಬೆಲೆ ಇಳಿಯಿತು. ಬಯೋವ್ಯಾಕ್-ಬಿ ಎಂಬ ಲಸಿಕೆ ತಂದ ವೋಕಾರ್ಡ್ ಕಂಪನಿಯ ಜೈವಿಕ ಔಷಧ ಘಟಕಗಳು ಸಂಭಾಜಿನಗರದಲ್ಲೇ ಇವೆ. ಲಸಿಕೆ ತಂದ ಕಂಪನಿಯ ಘಟಕಗಳಿರುವ ಸೀಮೆಯಲ್ಲೇ ದುಡಿದು, ಮನೆಯಲ್ಲಿರುವ ಹೆಂಡತಿಗೆ ಅದನ್ನು ಹಾಕಿಸದೆ ಇರುವುದು ನನಗೆ ಸಹಿಸಲಾಗದ ಸಂಗತಿ.

"ಹೇಳದೆ ಏನೋ ನೆಪ ಹೂಡಿ ಲಸಿಕೆ ಹಾಕಿಸಿದರಾಯಿತಲ್ಲ" ಎಂದು ಜಾಣತನ ತೋರಿಸುವವರೂ ಇದ್ದಾರೆ. ಆಗದು. ಲಸಿಕೆಗೆ ಮೊದಲು ಅವಳಿಗೆ ಸೋಂಕು ಇದೆಯೇ, ಹಳೆಯ ಸೋಂಕು ಹಾದುಹೋಗಿದೆಯೇ, ರಕ್ಷಣೆ ಈಗಾಗಲೇ ಇದೆಯೇ ಎಂದು ರಕ್ತ ನೋಡಬೇಕು. ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು, ಹೀಗೆ ಮೂರು ಚುಚ್ಚುಮದ್ದು. ಆಮೇಲೆ ಒಂದೆರಡು ತಿಂಗಳಿಗೆ ಪ್ರತಿಕಾಯದ ಪರೀಕ್ಷೆ. ಅದು 10ಕ್ಕಿಂತ ಮೇಲಿದ್ದರೆ ರಕ್ಷಣೆ ಬಂತು. ಅಲ್ಲಿಯ ತನಕ ನಿರೋಧ್ ಬಳಸಬೇಕು. ಇಷ್ಟನ್ನು ಯಾವ ನೆಪದಿಂದ ಮುಚ್ಚಿಡುತ್ತೀರಿ? ತನ್ನ ತೋಳಿಗೆ ಏನು ಚುಚ್ಚುತ್ತಿದ್ದಾರೆ, ಯಾಕೆ ಎಂದು ತಿಳಿಯುವ ಹಕ್ಕು ಅವಳದು. ಊರಿಗೆಲ್ಲ ಸಾರಿ ಎಂದು ನಾನು ಹೇಳುತ್ತಿಲ್ಲ. ಅತ್ತೆ, ಮಾವ, ಸೋದರತ್ತೆ, ಪಕ್ಕದ ಮನೆಯವರು ಯಾರಿಗೂ ತಿಳಿಯಬೇಕಿಲ್ಲ. ಹೆಂಡತಿಗೆ ತಿಳಿಯಬೇಕು, ಮದುವೆ ಇನ್ನೂ ಆಗಬೇಕಿದ್ದರೆ ಮದುವೆಗೆ ಮೊದಲೇ ತಿಳಿಯಬೇಕು.

"ನನ್ನ ರಿಪೋರ್ಟಿನಲ್ಲಿ ವೈರಸ್ ಕಾಣುತ್ತಲೇ ಇಲ್ಲ, ಮತ್ತೆ ಅವಳಿಗೆ ಲಸಿಕೆ ಯಾಕೆ?" ಕಾಣದಷ್ಟು ಕಡಿಮೆಯಾಗಿದೆ ಎಂಬುದು ಒಳ್ಳೆಯ ಸುದ್ದಿ, ಅಪಾಯವೂ ಬಹಳ ಇಳಿದಿದೆ. ಆದರೆ ನಾಲ್ಕು ದಿನ ಗುಳಿಗೆ ತಪ್ಪಿದರೆ, ರಾತ್ರಿ ಪಾಳಿಯಲ್ಲಿ ಮರೆತರೆ, ಊರ ಜಾತ್ರೆಗೆ ಹೋದಾಗ ಡಬ್ಬಿ ಖೋಲಿಯಲ್ಲೇ ಉಳಿದರೆ ಆ ರಕ್ಷಣೆ ಸಡಿಲವಾಗುತ್ತದೆ. ಲಸಿಕೆಯ ರಕ್ಷಣೆ ಅವಳ ಮೈಯಲ್ಲೇ ಇರುತ್ತದೆ, ಗಂಡನ ಮರೆವಿಗೆ ಅಂಜಬೇಕಾಗಿಲ್ಲ.

ನಾಟಿ ಔಷಧದವರ ಮಾತು ಇನ್ನೊಂದು ಬಗೆಯದು. "ಮೂರು ತಿಂಗಳು ನೆಲನೆಲ್ಲಿ ಕುಡಿ, ರೋಗ ಬುಡದಿಂದ ಹೋಗುತ್ತದೆ, ಆಮೇಲೆ ನಿಶ್ಚಿಂತೆಯಿಂದ ಮಕ್ಕಳು." ನೆಲನೆಲ್ಲಿಯನ್ನು ಮಹಾರಾಷ್ಟ್ರದ ಕಡೆ ಭುಯಿ ಆವಳಾ ಅನ್ನುತ್ತಾರೆ. ಈ ಗಿಡವನ್ನು ವಿಜ್ಞಾನಿಗಳು ನೋಡಲೇ ಇಲ್ಲ ಎಂದು ದೂರುವಂತಿಲ್ಲ. ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲುಂಬರ್ಗ್ ಅವರೇ ಮದ್ರಾಸಿನ ತ್ಯಾಗರಾಜನ್ ಮತ್ತು ಅವರ ಸಂಗಡಿಗರ ಜೊತೆ ಸೇರಿ ಇದನ್ನು ಪರೀಕ್ಷಿಸಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಆಸೆ ಹುಟ್ಟಿಸುವಂತಿತ್ತು: ಗಿಡದ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ಎಚ್‌ಬಿಎಸ್‌ಎಜಿ ಕಾಣೆಯಾಗಿತ್ತು, ಬರಿಯ ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಆಮೇಲೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಮರಳಿ ಬರಲಿಲ್ಲ. ಹೀಗೆ ಒಂದು ಕಡೆ ಕಂಡು ಇನ್ನೊಂದು ಕಡೆ ಕಾಣದ್ದನ್ನು ನಂಬಿ ದಿನದ ಗುಳಿಗೆ ಬಿಡುವಂತಿಲ್ಲ. ನೆಲನೆಲ್ಲಿ ಕುಡಿದವನ ಕಣ್ಣಿನ ಹಳದಿ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ ನಿಜ. ಹೆಪಟೈಟಿಸ್ ಎ, ಇ ಬಗೆಯ ಕಾಮಾಲೆ ಏನೂ ಕುಡಿಯದಿದ್ದರೂ ಸಾಮಾನ್ಯವಾಗಿ ಇಳಿಯುತ್ತದೆ. ಆ ಕೀರ್ತಿಯನ್ನು ಬಿ ರೋಗದ ಖಾತೆಗೆ ಬರೆಯುವುದು ತಪ್ಪು. ಟೆನೊಫೊವಿರ್, ಎಂಟೆಕಾವಿರ್ ಎರಡನ್ನೂ 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಬ್ಲುಂಬರ್ಗ್ ಹುಟ್ಟಿದ ದಿನವೂ ಅದೇ ಜುಲೈ 28.

"ಮಗುವನ್ನು ಎತ್ತಿಕೊಳ್ಳಬೇಡ, ತಟ್ಟೆ ಲೋಟ ಬೇರೆ ಇಡು." ಜೊತೆಯಲ್ಲಿ ಉಂಡರೆ, ಎತ್ತಿ ಮುದ್ದಾಡಿದರೆ, ತೊಟ್ಟಿಲು ತೂಗಿದರೆ ಈ ಸೋಂಕು ಹರಡುವುದಿಲ್ಲ. ಬೇರೆ ಇಡಬೇಕಾದ್ದು ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಶ್ಶು, ಉಗುರು ಕತ್ತರಿಸುವ ಸಾಧನ. ಒಣಗಿದ ರಕ್ತದಲ್ಲೂ ವೈರಸ್ ಏಳು ದಿನ ಬದುಕಬಲ್ಲದು. ಗಾಯವಾದರೆ ಪಟ್ಟಿ ಕಟ್ಟಿ ಮಗುವನ್ನು ಎತ್ತಿಕೊಳ್ಳಿ, ಅಷ್ಟೆ.

ಇನ್ನು ಮಕ್ಕಳು ಸಾಕು ಎನಿಸಿದವರ ಮಾತು. "ಇವನಿಗೆ ಲಿವರ್ ರೋಗ, ಆಪರೇಷನ್ ತಡೆಯಲ್ಲ, ಹೆಂಡತಿಗೇ ಮಾಡಿಸಿ" ಎಂಬುದು ಬಹುತೇಕ ಮನೆಗಳ ತೀರ್ಮಾನ. ಸಿರೋಸಿಸ್ ಮುಂದುವರಿದು ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇರುವವರ ಸಂಗತಿ ಬೇರೆ, ರೋಗ ಉಲ್ಬಣವಾಗಿದ್ದರೆ ಅದು ತಣಿಯುವ ತನಕ ಮುಂದೂಡಬೇಕು. ಗುಳಿಗೆ ನುಂಗಿ ಗಟ್ಟಿಮುಟ್ಟಾಗಿ ಕಾರ್ಖಾನೆಯಲ್ಲಿ ದುಡಿಯುವ ಗಂಡಸಿಗೆ ಹೆಪಟೈಟಿಸ್ ಬಿ ಒಂದು ಅಡ್ಡಿಯಲ್ಲ. ಹೊಲಿಗೆಯಿಲ್ಲದ ವ್ಯಾಸೆಕ್ಟಮಿಗೆ ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು, ಕೆಲವೇ ನಿಮಿಷಗಳ ಕೆಲಸ. ಹೊಟ್ಟೆ ಕೊಯ್ಯುವುದು ಹೆಂಗಸಿನ ಶಸ್ತ್ರಚಿಕಿತ್ಸೆಯಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದಂಪತಿಗಳ ಪೈಕಿ ಹೆಣ್ಣಿಗೆ ಶಸ್ತ್ರಚಿಕಿತ್ಸೆ ಆದದ್ದು ನೂರಕ್ಕೆ 37.9, ಗಂಡಿಗೆ ಆದದ್ದು 0.3. ರಘುನಾಥ ಧೋಂಡೋ ಕರ್ವೆ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದದ್ದು 1921ರಲ್ಲಿ. ನಮ್ಮ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಇಂಥ ಕೇಂದ್ರಗಳನ್ನು ತೆರೆದದ್ದು 1930ರಲ್ಲಿ. ದಾರಿ ತೋರಿದ ಈ ಎರಡು ನಾಡುಗಳ ಗಂಡಸರು ನೂರು ವರ್ಷವಾದರೂ ಹೆಂಡತಿಯ ಹೊಟ್ಟೆಯನ್ನೇ ಮುಂದೆ ಮಾಡುತ್ತಿರುವುದು ಸಂಕಟದ ವಿಷಯ. ಒಂದು ಎಚ್ಚರಿಕೆ ಮಾತ್ರ ಇರಲಿ: ವ್ಯಾಸೆಕ್ಟಮಿ ವೀರ್ಯಾಣುವನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಹೆಂಡತಿಯ ಲಸಿಕೆ ಆಗಲೂ ಬೇಕು. ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಿಗೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿಪಡಿಸಿಕೊಳ್ಳಬೇಕು, ಅಲ್ಲಿಯ ತನಕ ನಿರೋಧ್ ಬಿಡಬಾರದು.

ಕೊನೆಯದಾಗಿ, "ಹೆರಿಗೆ ತವರಲ್ಲಿ ಆಗುತ್ತದೆ, ಅಲ್ಲಿನವರು ನೋಡಿಕೊಳ್ಳುತ್ತಾರೆ" ಎನ್ನುವವರು. ತೊಡಕು ಇರುವುದು ಇಲ್ಲೇ. ಹೆಂಡತಿ ಏಳನೇ ತಿಂಗಳಲ್ಲಿ ನಾಸಿಕದಿಂದ ಬಸವಕಲ್ಯಾಣಕ್ಕೋ ಆಳಂದಕ್ಕೋ ಬಾಣಂತನಕ್ಕೆ ಹೊರಡುತ್ತಾಳೆ, ರಕ್ತ ಪರೀಕ್ಷೆಯ ಕಾಗದಗಳು ನಾಸಿಕದ ಖೋಲಿಯಲ್ಲೇ ಉಳಿಯುತ್ತವೆ. ಅವಳ ಎಚ್‌ಬಿಎಸ್‌ಎಜಿ ವರದಿ, ಲಸಿಕೆಯ ದಿನಾಂಕಗಳು ಅವಳ ಚೀಲದಲ್ಲಿರಬೇಕು, ಇಲ್ಲಿಗೆ ಬಂದ ಮೇಲೆ ತಾಯಿ ಕಾರ್ಡಿನಲ್ಲಿ ಬರೆಸಬೇಕು. ಅವಳಿಗೆ ಸೋಂಕು ಇಲ್ಲದಿದ್ದರೆ ಮಗುವಿಗೆ ಎಲ್ಲ ಮಕ್ಕಳಂತೆ ಹುಟ್ಟಿದ 24 ಗಂಟೆಯೊಳಗೆ ಒಂದು ಲಸಿಕೆ, ಮುಂದೆ 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್. ತಂದೆಗೆ ಸೋಂಕಿದೆ ಎಂಬ ಕಾರಣಕ್ಕೆ ಬೇರೇನೂ ಬೇಡ. ಅವಳಿಗೂ ಸೋಂಕಿದ್ದರೆ ಆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು, ಅದೂ 12 ಗಂಟೆಯೊಳಗೆ. ಎಲ್ಲ ಆಸ್ಪತ್ರೆಯಲ್ಲೂ ಅದು ಆ ಹೊತ್ತಿಗೆ ಕೈಗೆ ಸಿಗುತ್ತದೆಂದು ನೆಚ್ಚುವಂತಿಲ್ಲ. ಹೆರಿಗೆಯ ತಾರೀಖಿಗೆ ಒಂದು ತಿಂಗಳು ಮೊದಲೇ ಯಾವ ಆಸ್ಪತ್ರೆಯಲ್ಲಿ ಇದೆ ಎಂದು ವಿಚಾರಿಸಿ, ಅಲ್ಲೇ ಹೆಸರು ಬರೆಸುವುದು ಮಗುವಿನ ಅಪ್ಪನ ಕೆಲಸ.